ಆ ಸಾಮಾನು ನಮ್ಮಲ್ಲಿ ಇಲ್ಲರಿ

ಪುಣೆಯ ಬಿಬವೇವಾಡಿಯಲ್ಲಿದ್ದ ನಮ್ಮ ಎರಡು ಕೋಣೆಯ ಮನೆಯಲ್ಲಿ ಸಂಜೆ ಏಳರಿಂದ ಎಂಟರವರೆಗೆ ಟ್ಯೂಬ್‌ಲೈಟ್ ಹಚ್ಚುವಂತಿರಲಿಲ್ಲ. ಹಚ್ಚಿದರೆ ಅದರ ಚೋಕು ಗುಂಯ್‌ಗುಟ್ಟಿ, ಆ ಸದ್ದು ರೇಡಿಯೋದೊಳಗೆ ಹೊಕ್ಕು, ಅಷ್ಟು ದೂರದಿಂದ ಬರುತ್ತಿದ್ದ ಕನ್ನಡವನ್ನು ನುಂಗಿಬಿಡುತ್ತಿತ್ತು. ಅಡುಗೆಮನೆಯಲ್ಲಿ ಒಂದು ಸಣ್ಣ ಬಲ್ಬಿಗೆ ಮಾತ್ರ ಅನುಮತಿ. ಅದರ ಬೆಳಕಿನಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಹೊಸ್ತಿಲಲ್ಲಿ ಕೂತು ಓದುತ್ತಿದ್ದೆ. ಅಪ್ಪ ಹೊರಕೋಣೆಯ ಕತ್ತಲಲ್ಲಿ ಕಿಟಕಿಯ ಕಟ್ಟೆಯ ಮೇಲೆ ರೇಡಿಯೋ ಇಟ್ಟು, ಅದನ್ನು ಅತ್ತ ಒಂದು ಬೆರಳು ಇತ್ತ ಒಂದು ಬೆರಳು ತಿರುಗಿಸುತ್ತ ಕೂತಿರುತ್ತಿದ್ದ. ಮಳೆಯ ಸುದ್ದಿ ಶುರುವಾದರೆ ಅವ್ವನ ಕೈ ರೊಟ್ಟಿಯ ಮೇಲೆಯೇ ನಿಲ್ಲಬೇಕು. ಎಷ್ಟೋ ರೊಟ್ಟಿಗಳು ಹಾಗೆ ನಿಂತು ಒಡೆದುಹೋಗಿವೆ.

ನಮ್ಮ ಕಲಬುರ್ಗಿ ಕಡೆಯ ರೇಡಿಯೋ ಕೇಂದ್ರ ಪುಣೆಗೆ ಹಗಲಲ್ಲಿ ಕೇಳಿಸುತ್ತಿರಲಿಲ್ಲ. ಅದು ಹಳೆಯ ಕಾಲದ ಮೀಡಿಯಂ ವೇವ್. ಹೊತ್ತು ಮುಳುಗಿದ ಮೇಲೆ ಅದರ ದನಿ ಆಕಾಶಕ್ಕೆ ಏರಿ, ಅಲ್ಲಿಂದ ಬಾಗಿ ದೂರದ ಊರುಗಳಿಗೆ ಇಳಿಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೆ. ಅಪ್ಪನಿಗೆ ಆ ಶಾಸ್ತ್ರ ಬೇಕಿರಲಿಲ್ಲ. ಗಡಿಯಾರ ನೋಡದೆ, ಎದುರಿನ ಕಟ್ಟಡದ ಗೋಡೆಯ ಮೇಲಿನ ಬಿಸಿಲು ಸತ್ತದ್ದನ್ನು ನೋಡಿ ರೇಡಿಯೋ ಹಚ್ಚುತ್ತಿದ್ದ. ಮೊದಲು ಬರೀ ಸೊಯ್ಯೆನ್ನುವ ಸದ್ದು, ಅದರೊಳಗೆ ಯಾವುದೋ ಹಿಂದಿ ಹಾಡು, ಅದರ ಬೆನ್ನಿಗೆ ಒಕ್ಕಲುತನದ ಕಾರ್ಯಕ್ರಮದ ಕನ್ನಡ. ಅದು ನೀರಿನಲ್ಲಿ ಮುಳುಗಿ ಎದ್ದಂತೆ ಒಮ್ಮೆ ಹತ್ತಿರ ಬರುತ್ತಿತ್ತು, ಒಮ್ಮೆ ದೂರ ಹೋಗುತ್ತಿತ್ತು.

ಈ ಕತ್ತಲಿನ ಕಾಟ ನನಗೂ ತಟ್ಟಿತು. ನನ್ನನ್ನು ನೋಡಲು ಒಂದು ಗಂಡಿನ ಕಡೆಯವರು ಬಂದದ್ದೂ ಅದೇ ಹೊತ್ತಿಗೆ. ಅವ್ವ ಗೋಗರೆದಳು: "ಹೆಣ್ಣ ನೋಡಾಕ ಬಂದಾರ, ಇವತ್ತರೆ ದೀಪಾ ಹಚ್ಚರಿ."

"ಹತ್ತ ನಿಮಿಷ ತಡಿ. ನದಿ ನೀರಿನ ಮಟ್ಟ ಹೇಳಾಕತ್ಯಾರ," ಎಂದ ಅಪ್ಪ.

ಅವರು ಉಪ್ಪಿಟ್ಟು ತಿಂದು ಹೋದರು, ಮತ್ತೆ ಬರಲಿಲ್ಲ. ಕತ್ತಲಲ್ಲಿ ಹುಡುಗಿ ತೋರಿಸುತ್ತಾರೆಂದರೆ ಏನೋ ಐಬಿರಬೇಕು ಎಂದು ಅವರಲ್ಲಿ ಒಬ್ಬಾಕೆ ಬೇರೆ ಕಡೆ ಆಡಿದಳಂತೆ. ನಾನು ವಾರಗಟ್ಟಲೆ ಅಪ್ಪನೊಂದಿಗೆ ಮಾತು ಬಿಟ್ಟೆ. ಅವನಿಗೆ ಅದು ಗೊತ್ತಾಯಿತೋ ಇಲ್ಲವೋ ಎಂಬ ಸಂಶಯ ನನಗೆ ಈಗಲೂ ಇದೆ.

ಅಪ್ಪ ಮಾರ್ಕೆಟ್ ಯಾರ್ಡಿನ ಒಬ್ಬ ಬೆಲ್ಲದ ವ್ಯಾಪಾರಿಯ ಅಂಗಡಿಯಲ್ಲಿ ಮೂವತ್ತು ವರ್ಷ ಕಾರಕೂನನಾಗಿದ್ದ. ಸಾವಕಾರ ಹೇಳಿದ್ದನ್ನು ಬರೆಯುವುದು, ಬರೆದದ್ದನ್ನು ಓದಿ ಹೇಳುವುದು, ಅಷ್ಟೇ ಕೆಲಸ. ಮೂವತ್ತು ವರ್ಷದಲ್ಲಿ ಯಾರೂ ಅವನನ್ನು, ನಿನಗೇನು ಅನಿಸುತ್ತದೆ ಎಂದು ಕೇಳಿರಲಿಕ್ಕಿಲ್ಲ. ಆದರೆ ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆಗೆಯುವ ಮುನ್ನ, ಯಾರ್ಡಿನ ಚಹಾದ ಗಾಡಿಯ ಹತ್ತಿರ ಚಿತ್ರ ಬೇರೆ. ಅಲ್ಲಿ ಚೀಲ ಹೊರುವ ಹಮಾಲರು ಸೇರುತ್ತಿದ್ದರು. ಆಳಂದ, ಅಫಜಲಪುರ, ಇಂಡಿ, ಸಿಂದಗಿ ಕಡೆಯವರು. ಎಲ್ಲರಿಗೂ ಊರಲ್ಲಿ ತುಂಡು ಹೊಲ. ಮಳೆ ಬಿದ್ದರೆ ಬಿತ್ತಲು ಹೋಗಬೇಕು, ಬೀಳದಿದ್ದರೆ ಇಲ್ಲೇ ಚೀಲ ಹೊರಬೇಕು. ಪುಣೆಯ ಮರಾಠಿ ಪತ್ರಿಕೆಗಳಲ್ಲಿ ಅಫಜಲಪುರದ ಮಳೆ ಎಲ್ಲಿ ಬರಬೇಕು? ಹೀಗಾಗಿ ಅವರು ಅಪ್ಪನನ್ನು ಕೇಳುತ್ತಿದ್ದರು: "ಕಾಕಾರ, ಊರ ಕಡೆ ಮಳಿ ಹೆಂಗ ಅದರಿ?"

ಅಪ್ಪ ಚಹಾದ ಬಶಿ ಕೆಳಗಿಟ್ಟು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಮನೆಯಲ್ಲಿ ಎಂದೂ ಆಡದ ಅಚ್ಚುಕಟ್ಟು ಕನ್ನಡದಲ್ಲಿ, ರೇಡಿಯೋದವರು ಓದಿದ ಹಾಗೆಯೇ ಶುರು ಮಾಡುತ್ತಿದ್ದ. "ಅಫಜಲಪುರ ತಾಲೂಕಿನಲ್ಲಿ ಸಾಧಾರಣ ಮಳೆಯಾಗಿದೆ. ಆಳಂದದಲ್ಲಿ ತುಂತುರು ಮಳೆ. ಇಂಡಿಯಲ್ಲಿ ಒಣ ಹವೆ." ಹಿಂದಿನ ಸಂಜೆ ಗುಡುಗಿನ ಗದ್ದಲದಲ್ಲಿ ಏನಾದರೂ ತಪ್ಪಿಹೋಗಿದ್ದರೆ, "ಸಿಂದಗಿ ಕೇಳಿಸಲಿಲ್ಲ," ಎನ್ನುತ್ತಿದ್ದ. ಒಂದು ಹನಿಯನ್ನೂ ಹೆಚ್ಚು ಸೇರಿಸುತ್ತಿರಲಿಲ್ಲ. ಸಿಂದಗಿಯವರು ಮಾತಿಲ್ಲದೆ ಮರುದಿನದವರೆಗೆ ಕಾಯುತ್ತಿದ್ದರು. ಒಮ್ಮೆ ಅವನಿಗೆ ಡಬ್ಬಿ ಕೊಡಲು ಹೋದಾಗ ಇದನ್ನು ನಾನು ಕಣ್ಣಾರೆ ನೋಡಿದೆ. ಇಪ್ಪತ್ತು ಮೂವತ್ತು ಗಂಡಸರು ಬಾಯಿ ಮುಚ್ಚಿ ನಮ್ಮಪ್ಪನ ಮಾರಿ ನೋಡುತ್ತ ನಿಂತಿದ್ದರು. ನನಗೆ ನಗು ಬಂತು, ಹೆಮ್ಮೆಯೂ ಆಯಿತು. ನೌಕರಿಯಿಂದ ನಿವೃತ್ತನಾದ ಮೇಲೂ ಅವನು ಬೆಳಿಗ್ಗೆ ಎಂಟಕ್ಕೆ ಯಾರ್ಡಿಗೆ ಹೋಗುವುದನ್ನು ಬಿಡಲಿಲ್ಲ. ಕಣ್ಣಿಗೆ ಪೊರೆ ಬಂದು, ಶಸ್ತ್ರಚಿಕಿತ್ಸೆಯೂ ಸರಿಹೋಗದೆ ಓದುವುದು ನಿಂತಿತು. ಅವನಿಗೆ ಉಳಿದದ್ದು ಆ ಸಂಜೆಯ ರೇಡಿಯೋ ಮತ್ತು ಈ ಬೆಳಗಿನ ಹತ್ತು ನಿಮಿಷ.

ಹೊಸ ಶತಮಾನ ಕಾಲಿಟ್ಟಾಗ ಪುಣೆಗೆ ಎಫ್‌ಎಂ ರೇಡಿಯೋಗಳು ಬಂದವು. ರಿಕ್ಷಾದಲ್ಲಿ, ಕಟಿಂಗ್ ಅಂಗಡಿಯಲ್ಲಿ, ಎಲ್ಲಿ ನೋಡಿದರೂ ಅದೇ. ನಾನೂ ಅಪ್ಪನಿಗೆ ಅಂಗೈಯಗಲದ ಒಂದು ಹೊಸ ಸೆಟ್ ತಂದುಕೊಟ್ಟೆ. ಟ್ಯೂಬ್‌ಲೈಟ್ ಹಚ್ಚಿದರೂ ಅದರಲ್ಲಿ ಒಂದು ಚೂರು ಗುಂಯ್ ಇಲ್ಲ. ಅಪ್ಪ ಎರಡು ನಿಮಿಷ ಕಿವಿಗಿಟ್ಟುಕೊಂಡು ಕೇಳಿ ವಾಪಸು ಕೊಟ್ಟ.

"ದನಿ ಭಾಳ ಛಲೋ ಅದ. ಆದ್ರ ಇವರು ಹೇಳೂದರಾಗ ನನಗ ಬೇಕಾದ್ದು ಏನೂ ಇಲ್ಲ."

ಅದೇ ಸುಮಾರಿಗೆ ನನಗೆ ಎರಡು ತಿಂಗಳ ಒಂದು ಕೆಲಸ ಸಿಕ್ಕಿತು. ಒಂದು ಸರ್ವೆ ಕಂಪನಿಯವರಿಗೆ ಕನ್ನಡ ಬಲ್ಲ ಹುಡುಗಿಯರು ಬೇಕಾಗಿದ್ದರು. ನಮ್ಮ ಕಡೆಯ ಆ ಕೇಂದ್ರದ ಯಂತ್ರ ಹಳತಾಗಿದೆ, ಬದಲಿಸಬೇಕಾಗಿದೆ. ದೂರ ಹೋಗುವ ಹಳೆಯ ಬಗೆಯದನ್ನೇ ಮತ್ತೆ ಹಾಕಬೇಕೋ, ಸ್ವಚ್ಛ ಕೇಳಿಸುವ ಆದರೆ ಊರ ಸುತ್ತಮುತ್ತ ಮಾತ್ರ ಮುಟ್ಟುವ ಹೊಸ ಬಗೆಯದು ಸಾಕೋ, ಎಂಬುದು ಪ್ರಶ್ನೆ. ದೂರದ ಊರುಗಳಲ್ಲಿ ಕೇಳುವವರು ಇದ್ದಾರೆಯೇ ಎಂದು ಮನೆ ಮನೆಗೆ ಹೋಗಿ ಬರೆದುಕೊಂಡು ಬರಬೇಕಿತ್ತು. ನಮ್ಮ ಮೇಲಿನ ಸಾಹೇಬರು, ಒಬ್ಬ ಸಭ್ಯ ಮರಾಠಿ ಗೃಹಸ್ಥರು, ಮೂರು ನಿಯಮ ಹೇಳಿಕೊಟ್ಟರು. ಸ್ವಂತ ಓಣಿಗೆ ಹೋಗಬಾರದು. ಸರ್ವೆ ಯಾತಕ್ಕೆಂದು ಮೊದಲೇ ಯಾರಿಗೂ ಹೇಳಬಾರದು, ಹೇಳಿದರೆ ಜನ ಉತ್ತರ ತಯಾರಿಸಿಕೊಂಡು ಕೂರುತ್ತಾರೆ. ಮತ್ತು, ಅವರು ಹೇಳಿದ್ದನ್ನು ಬರೆಯಬೇಕು, ನಿಮಗೆ ಕಂಡದ್ದನ್ನಲ್ಲ. ನಾನು ನಿಯಮ ಎಂದರೆ ಗೆರೆ ದಾಟದ ಹುಡುಗಿ. ಮನೆಯಲ್ಲೂ ಬಾಯಿ ಬಿಡಲಿಲ್ಲ. ಮನೆ ಮನೆ ಸುತ್ತುವ ಯಾವುದೋ ಸರ್ವೆ ಎಂದಷ್ಟೇ ಅಪ್ಪ ಅವ್ವರಿಗೆ ಗೊತ್ತಿತ್ತು.

ನನ್ನನ್ನು ಪುಣೆಯ ಅಂಚಿನ ವಾಕಡಕ್ಕೆ ಕಳಿಸಿದರು. ಅಲ್ಲಿ ಹೊಲಗಳನ್ನು ಅಗೆದು ಕಟ್ಟಡಗಳನ್ನು ಎಬ್ಬಿಸುತ್ತಿದ್ದರು, ಎಬ್ಬಿಸುವವರೆಲ್ಲ ನಮ್ಮ ಕಲಬುರ್ಗಿ, ಯಾದಗಿರಿ ಕಡೆಯವರು. ತಗಡಿನ ಶೆಡ್ಡುಗಳ ಸಾಲಿನಲ್ಲಿ ಮೊದಲನೆಯದರ ಮುಂದೆ ಒಬ್ಬ ಹೆಂಗಸು ಬಟ್ಟೆ ಹಿಂಡುತ್ತಿದ್ದಳು. "ಅಕ್ಕಾ, ಮನ್ಯಾಗ ರೇಡಿಯೋ ಅದ ಏನ್ರಿ?" ಎಂದೆ.

ಅವಳು ನನ್ನ ಕೈಯಲ್ಲಿದ್ದ ಕಾಗದ ನೋಡಿದಳು. "ಆ ಸಾಮಾನು ನಮ್ಮಲ್ಲಿ ಇಲ್ಲರಿ."

ಎರಡನೆಯ ಶೆಡ್ಡಿನಲ್ಲೂ ಅದೇ ಮಾತು, ಮೂರನೆಯದರಲ್ಲೂ ಅದೇ. ನಾಲ್ಕನೆಯದರಲ್ಲಿ ಒಬ್ಬಾಕೆ ಬಾಗಿಲಿಗೆ ಅಡ್ಡ ನಿಂತು ಆ ಮಾತು ಹೇಳುತ್ತಿರುವಾಗ, ಅವಳ ಬೆನ್ನ ಹಿಂದೆ ರೇಡಿಯೋ ಒಂದು ಮರಾಠಿ ಹಾಡು ಹಾಡುತ್ತಿತ್ತು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಹೇಳಿದ್ದನ್ನು ಬರೆಯಬೇಕು. "ಇಲ್ಲ" ಎಂಬ ಚೌಕದಲ್ಲಿ ಗುರುತು ಹಾಕಿದೆ. ಹೀಗೆ ಎರಡು ವಾರ ಚೌಕ ತುಂಬಿದೆ. ನನ್ನ ಗುರುತುಗಳು ಎಷ್ಟು ನೆಟ್ಟಗಿದ್ದವೆಂದರೆ ಸಾಹೇಬರು ಅವನ್ನು ಬೇರೆ ಹುಡುಗಿಯರಿಗೆ ತೋರಿಸಿದರು.

ಆದರೆ ಎಲ್ಲರ ಬಾಯಲ್ಲೂ ಒಂದಕ್ಷರ ಆಚೀಚೆ ಆಗದ ಆ ಮಾತು ನನ್ನನ್ನು ಕೊರೆಯುತ್ತಿತ್ತು. ವಾಕಡದ ಕೊನೆಯ ದಿನ ಒಬ್ಬ ಹಿರಿಯ ಹೆಂಗಸಿನ ಮುಂದೆ ಪೆನ್ನು ಮುಚ್ಚಿಟ್ಟು ಕೇಳಿದೆ: "ಯವ್ವಾ, ಈ ಮಾತು ನಿಮಗ ಯಾರು ಕಲಿಸಿದರು?"

ಅವಳು ನಕ್ಕಳು. "ಮೊದಲ ನಮ್ಮ ಮನಿಯವರು ಮಾರ್ಕೆಟ್ ಯಾರ್ಡಿನ್ಯಾಗ ಹಮಾಲಿ ಮಾಡತಿದ್ರರಿ. ಅಲ್ಲೆ ಒಬ್ಬರು ಕಾರಕೂನ ಕಾಕಾ ಇದ್ರು, ಭಾಳ ಶಾಣ್ಯಾರು. ಯಾರರೆ ಕಾಗದಾ ಹಿಡಕೊಂಡು ಬಂದು ರೇಡಿಯೋ ಅದ ಏನು ಅಂತ ಕೇಳಿದ್ರ, ಆ ಸಾಮಾನು ನಮ್ಮಲ್ಲಿ ಇಲ್ಲರಿ ಅನ್ನರಿ ಅಂತ ಎಲ್ಲಾರಿಗೂ ಹೇಳಿಕೊಟ್ಟಿದ್ರು."

ಆ ಕಾಕಾ ನಮ್ಮಪ್ಪನೇ. ಬಸ್ಸಿನಲ್ಲಿ ಕೂತಾಗ ಎಲ್ಲ ನೆನಪಾಯಿತು. ಅವ್ವ ಎಷ್ಟೋ ಸಲ ಹೇಳಿದ್ದ, ನಾನು ಹುಟ್ಟುವ ಮುಂಚಿನ ಕಥೆ ಅದು. ಆಗ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು, ವರ್ಷಕ್ಕೊಮ್ಮೆ ಪೋಸ್ಟಿನಲ್ಲಿ ಹೋಗಿ ಪುಸ್ತಕಕ್ಕೆ ಮುದ್ರೆ ಹಾಕಿಸಬೇಕಿತ್ತು. ಪುಣೆಗೆ ಹೊಸದಾಗಿ ಬಂದಿದ್ದ ಅಪ್ಪ ಒಂದು ವರ್ಷ ಮರೆತಿದ್ದ. ತಪಾಸಣೆಯವನೊಬ್ಬ ಬಂದು, ಇಡೀ ವಠಾರದ ಜನ ನೋಡುತ್ತಿರುವಾಗ ಅಪ್ಪನನ್ನು ಕಳ್ಳನಂತೆ ನಿಲ್ಲಿಸಿ, ರೇಡಿಯೋ ಎತ್ತಿಕೊಂಡು ಹೋಗಿದ್ದ. ಅದನ್ನು ಬಿಡಿಸಿಕೊಂಡು ಬರುವಷ್ಟರಲ್ಲಿ ಅಪ್ಪನ ಮಾನ ಮೂರಾಬಟ್ಟೆಯಾಗಿತ್ತು. ಆ ಲೈಸೆನ್ಸಿನ ಕಾನೂನೇ ರದ್ದಾಗಿ ಈಗ ಎಷ್ಟೋ ವರ್ಷಗಳಾಗಿದ್ದವು. ಅಪ್ಪನಿಗೆ ಅದು ಗೊತ್ತಿದ್ದರೂ ಹಾವು ತುಳಿದವನಿಗೆ ಹಗ್ಗವೂ ಹಾವೇ.

ಮನೆ ಸೇರಿದಾಗ ಅಪ್ಪ ಖುಷಿಯಲ್ಲಿದ್ದ. "ಮಧ್ಯಾಹ್ನ ನಿನ್ನಂಗ ಕಾಗದಾ ಹಿಡಕೊಂಡು ಒಂದು ಹುಡುಗಿ ಬಂದಿತ್ತು. ರೇಡಿಯೋ ಅದ ಏನಂತ. ಮರಾಠಿಯೊಳಗ ಛಲೋ ಹೇಳಿ ಕಳಿಸೇನಿ, ಆ ಸಾಮಾನು ನಮ್ಮಲ್ಲಿ ಇಲ್ಲ ಅಂತ."

ಅವ್ವ ಹಿಟ್ಟಿನ ಡಬ್ಬಿಯಿಂದ ರೇಡಿಯೋ ಹೊರಗೆ ತೆಗೆಯುತ್ತಿದ್ದಳು. ಅದರ ಜಾಳಿಗೆಯ ತುಂಬ ಜೋಳದ ಹಿಟ್ಟು. "ಊರಿಗೊಂದು ದಾರಿಯಾದ್ರ ಇವರಿಗೊಂದು ದಾರಿ," ಎಂದು ಬೈಯುತ್ತ ಸೆರಗಿನಿಂದ ಒರೆಸುತ್ತಿದ್ದಳು.

ನಾನು ಸರ್ವೆ ಯಾತಕ್ಕೆಂದು ಹೇಳಿದೆ. ಅಪ್ಪನ ನಗು ಅಲ್ಲೇ ನಿಂತಿತು. ಎಷ್ಟು ಜನ ಇಲ್ಲ ಎಂದಿದ್ದಾರೆ ಎಂದು ಕೇಳಿದ. ಎಲ್ಲರೂ ಎಂದೆ. "ಮತ್ತ ನೀ ಏನು ಬರದಿ?" ಎಂದ. ಇಲ್ಲ ಎಂದೇ ಬರೆದೆ ಎಂದೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವತ್ತು ಟ್ಯೂಬ್‌ಲೈಟ್ ಆರಿಸಲು ಅವನು ಹೇಳಲಿಲ್ಲ, ನಾನೇ ಎದ್ದು ಆರಿಸಿದೆ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ನಾನು ಸರ್ವೆ ಕಚೇರಿಯಲ್ಲಿದ್ದಾಗ ಮೆಟ್ಟಿಲ ಮೇಲೆ ಸದ್ದಾಯಿತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ರೇಡಿಯೋ ಎದೆಗವಚಿಕೊಂಡು ಬಂದಿದ್ದ. ಹಿಂದೆ ಹಮಾಲರ ಮೇಲ್ವಿಚಾರಕ ಮುಕಾದಮ, ಅವನ ಹಿಂದೆ ಇನ್ನು ಮೂವರು, ಒಬ್ಬೊಬ್ಬರ ಹೆಗಲಿಗೂ ಒಂದೊಂದು ರೇಡಿಯೋ. ಸಾಹೇಬರು ಗಾಬರಿಯಾಗಿ ಎದ್ದುನಿಂತು, "ಕಾಕಾ, ಬಸಾ," ಎಂದು ಕುರ್ಚಿ ತೋರಿಸಿದರು. ಅಪ್ಪ ಕೂರಲಿಲ್ಲ. ತನ್ನ ನಯವಾದ ಮರಾಠಿಯಲ್ಲಿ, ಮೊನ್ನೆ ನಾವೆಲ್ಲ ಸುಳ್ಳು ಹೇಳಿದ್ದೇವೆ, ಈಗ ನಿಜ ಹೇಳಲು ಬಂದಿದ್ದೇವೆ, ಬರೆದುಕೊಳ್ಳಿ ಎಂದ. ಐದೂ ರೇಡಿಯೋಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಹಚ್ಚಿ ತೋರಿಸ್ತೀರಾ?" ಎಂದು ಸಾಹೇಬರು ಕೇಳಿದರು. ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಅವರಿಗೆ ನಿಜಕ್ಕೂ ಕುತೂಹಲವಿತ್ತು.

ಅಪ್ಪ ಹಚ್ಚಿದ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಐದೂ ರೇಡಿಯೋಗಳು ಸೊಯ್ಯೆಂದವು, ಮತ್ತೇನೂ ಇಲ್ಲ. ಮುಕಾದಮ ತನ್ನದಕ್ಕೆ ಎರಡು ಏಟು ಕೊಟ್ಟ. ಅಪ್ಪ ಮುಳ್ಳನ್ನು ಕೂದಲೆಳೆಯಷ್ಟೇ ಸರಿಸುತ್ತ, ರೇಡಿಯೋವನ್ನು ತಿರುಗಿಸುತ್ತ, ಕಿವಿಯನ್ನು ಜಾಳಿಗೆಗೆ ಒತ್ತಿ ನಿಂತ. ಬಾರದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಅವತ್ತೊಂದು ದಿನ ಬಂದೀತೆಂದು ಆಸೆಪಟ್ಟಿದ್ದ. ನನಗೆ ಅಳು ಬಂದು ಫೈಲಿನಲ್ಲಿ ಮುಖ ಮರೆಸಿಕೊಂಡೆ.

ಕೊನೆಗೆ ಅಪ್ಪ ನೆಟ್ಟಗಾಗಿ ಹೇಳಿದ, ಈ ಸಲ ಕನ್ನಡದಲ್ಲಿ, ನನ್ನ ಕಡೆ ನೋಡುತ್ತ: "ಇವರ ಆಫೀಸು ಹತ್ತಕ್ಕ ತಗದು ಆರಕ್ಕ ಮುಚ್ಚತದ. ನಮ್ಮ ರೇಡಿಯೋ ಏಳಕ್ಕ ತಗೀತದ. ಹೆಂಗ ತೋರಸೂದು, ನೀನಽ ಹೇಳು."

ನಾನು ಅದನ್ನು ಮರಾಠಿಗೆ ತಿರುಗಿಸಿದೆ. ಸಾಹೇಬರು ಒಂದು ರೇಡಿಯೋದ ಸೊಯ್ ಸದ್ದಿಗೆ ತಾವೂ ಕಿವಿ ಇಟ್ಟು ನೋಡಿದರು. ಫಾರಂಗಳು ಬೆಳಿಗ್ಗೆಯೇ ಮುಂಬೈಗೆ ಹೋಗಿವೆ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಆದರೂ ಒಂದು ಬಿಳಿ ಹಾಳೆ ತೆಗೆದು, ಹೀಗೆ ಹೀಗೆ ಜನ ಹೆದರಿ ಇಲ್ಲವೆಂದಿದ್ದಾರೆ, ಕೇಳುವವರು ಇದ್ದಾರೆ ಎಂದು ತಮ್ಮ ಕೈಯಾರೆ ಬರೆದು, ಐದು ಜನರ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡರು. ಮುಂದೆ ಎಲ್ಲವೂ ಡಿಜಿಟಲ್ ಆಗುತ್ತದೆ ಕಾಕಾ, ಕಂಪ್ಯೂಟರಿನಲ್ಲಿ ಜಗತ್ತಿನ ಯಾವ ಸ್ಟೇಷನ್ನಾದರೂ ಹಗಲಲ್ಲೇ ಕೇಳಬಹುದು ಎಂದು ಸಮಾಧಾನ ಹೇಳಿ ಎಲ್ಲರಿಗೂ ಚಹಾ ತರಿಸಿದರು. ಆ ಹಾಳೆ ಎಲ್ಲಿಗೆ ಹೋಯಿತೋ ನಮಗೆ ತಿಳಿಯಲಿಲ್ಲ.

ಮೂರು ನಾಲ್ಕು ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು ಮೇ ತಿಂಗಳ ಕೊನೆಯ ಸಂಜೆ, ಮುಳ್ಳು ಸರಿಯಾದ ಜಾಗದಲ್ಲಿದ್ದರೂ ಸೊಯ್ ಸದ್ದಿನ ಹಿಂದೆ ಯಾರೂ ಇರಲಿಲ್ಲ. ಅಪ್ಪ ಸೆಲ್ ಬದಲಿಸಿದ. ಅವ್ವ ಅಡುಗೆಮನೆಯ ಬಲ್ಬನ್ನೂ ಆರಿಸಿದಳು. ಊರಿಂದ ಬಂದ ಸಂಬಂಧಿಕರು ಹೇಳಿದ ಮೇಲೆ ಗೊತ್ತಾಯಿತು, ಕೇಂದ್ರ ಹೊಸ ಬಗೆಗೆ ಬದಲಾಗಿದೆ, ಈಗ ಅಲ್ಲಿ ಪಕ್ಕದಲ್ಲೇ ಕೂತು ಮಾತಾಡಿದಂತೆ ಕೇಳಿಸುತ್ತದಂತೆ. ಅಲ್ಲಿಯವರಿಗೆ ಒಳ್ಳೆಯದಾಯಿತು, ಅದನ್ನೂ ಹೇಳಬೇಕು. ಆದರೆ ಅವತ್ತು ನನ್ನ ಕಣ್ಣಿಗೆ ಕಟ್ಟಿದ್ದು ನಾನು ಹಾಕಿದ ಆ ನೆಟ್ಟನೆಯ ಗುರುತುಗಳು. ಅವುಗಳಿಂದಲೇ ಹೀಗಾಯಿತೆಂದು ಯಾರೂ ಹೇಳಿಲ್ಲ, ಆಗಲಿಲ್ಲವೆಂದೂ ಹೇಳಿಲ್ಲ. ಆ ಹೊತ್ತಿಗೆ ನಾನು ಕೆಲಸ ಮಾಡುತ್ತಿದ್ದ ಬೇರೊಂದು ಕಚೇರಿಯ ಕಂಪ್ಯೂಟರಿನಲ್ಲಿ ಹುಡುಕಿದೆ, ಆಗಿನ್ನೂ ಅದರಲ್ಲಿ ನಮ್ಮ ಕೇಂದ್ರ ಇರಲಿಲ್ಲ.

ಅಪ್ಪ ಯಾರ್ಡಿಗೆ ಹೋಗುವುದನ್ನು ಬಿಟ್ಟ. ಮಂಡಿನೋವು ಎಂದ. ಹಮಾಲರ ಕೈಗೆಲ್ಲ ಆಗಲೇ ಮೊಬೈಲ್ ಬಂದಿತ್ತು, ಇನ್ನು ಇವನನ್ನು ಯಾರು ಕೇಳುತ್ತಾರೆ ಎಂದು ನಾನೂ ಅಂದುಕೊಂಡೆ. ಆದರೆ ಜೂನಿನಲ್ಲಿ ಮಿರಗದ ಮಳೆ ಶುರುವಾಗುವ ಹೊತ್ತಿಗೆ ಒಂದು ಭಾನುವಾರ ಬೆಳಿಗ್ಗೆ ಮುಕಾದಮ ಮನೆಗೆ ಬಂದ.

"ಕಾಕಾರ, ಈ ಫೋನಿನಿಂದ ತಲಿ ಕೆಟ್ಟ ಹೋಗೇದರಿ," ಎಂದು ನೆಲದ ಮೇಲೆ ಕೂತ. "ಒಬ್ಬನ ಹೇಣ್ತಿ ಧೋ ಅಂತ ಮಳಿ ಬಂತು ಬಾ ಅಂತಾಳ. ಅದಽ ಊರಾಗ ಇನ್ನೊಬ್ಬನ ಅವ್ವ ಹನಿ ಇಲ್ಲ, ಅಲ್ಲೇ ದುಡಿ ಅಂತಾಳ. ಮೊದಲ ನೀವು ಒಂದ ಮಾತು ಹೇಳತಿದ್ರಿ, ಎಲ್ಲಾರಿಗೂ ಅದಽ ಖರೆ ಇತ್ತು. ಈಗ ಯಾರದು ಖರೆ?"

"ನನಗೇನು ಗೊತ್ತೋ ತಮ್ಮಾ," ಎಂದ ಅಪ್ಪ. "ನನಗ ಏನೂ ಕೇಳಸೂದಿಲ್ಲ ಈಗ." ಈ ಮಾತು ಹೇಳುವಾಗ ಅವನು ಗೋಡೆಯ ಕಡೆ ತಿರುಗಿದ.

"ನೀವು ಕೇಳಿದ್ರ ಅವರು ಸುಳ್ಳು ಹೇಳೂದಿಲ್ಲರಿ. ಬರ್ರಿ."

ಅಪ್ಪನ ಕಣ್ಣು ಮಂಜಾಗಿದ್ದರಿಂದ ನಾನು ಕೈ ಹಿಡಿದು ಕರೆದುಕೊಂಡು ಹೋದೆ. ಚಹಾದ ಗಾಡಿಯ ಪಕ್ಕ ಬೆಲ್ಲದ ಪೆಟ್ಟಿಗೆಯ ಮೇಲೆ ಅಪ್ಪನನ್ನು ಕೂರಿಸಿದರು. ಒಬ್ಬೊಬ್ಬರೂ ಊರಿಗೆ ಫೋನ್ ಹಚ್ಚಿ ಅವನ ಕಿವಿಗೆ ಹಿಡಿದರು. ಅಪ್ಪ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದ: "ಯವ್ವಾ, ಹೊಲದಾಗ ಕೈ ಹಾಕಿ ನೋಡೀರೇನು? ಗೇಣು ಹಸಿ ಆಗೇದ?" ಕೆಲವರು ಆಗಿದೆ ಎಂದರು, ಒಬ್ಬಾಕೆ ನಾಲ್ಕೇ ಬೆರಳು ಎಂದಳು. ನಾನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದೆ. ಸಿಂದಗಿ ಕಡೆಯ ಮೂವರು ಒಣಗಿದೆ ಎಂದರು.

ನಾಲ್ಕನೆಯವನು ಆ ಕಡೆಯವನೇ, ಮದುವೆಯಾಗಿ ಎರಡು ವರ್ಷವೂ ಆಗಿರದ ಗಟ್ಟಿಮುಟ್ಟಾದ ಆಳು. ಭಾಳ ಮಳೆಯಾಗಿದೆ, ಬಾ ಎಂದು ಅವನ ಹೆಂಡತಿ ಹೇಳಿದ್ದಳಂತೆ. ಅಪ್ಪ ಅವಳಿಗೂ ಅದೇ ಪ್ರಶ್ನೆ ಹಾಕಿದ. ಅವಳ ದನಿ ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಕಾಕಾರ, ಖರೆ ಹೇಳಲೇನ್ರಿ? ಮಳಿ ಇಲ್ಲ. ಕೂಸಿಗೆ ಎಂಟ ತಿಂಗಳಾತು, ಅವರಿನ್ನೂ ಮಾರಿ ನೋಡಿಲ್ಲ. ಮಳಿ ಆಗೇದ ಅಂದ್ರ ಬರತಾರ ಅಂತ ಹಂಗಂದೆ."

"ಹೂಂ," ಎಂದು ಅಪ್ಪ ಫೋನ್ ಮರಳಿಸಿದ. ಅವಳ ಗಂಡ ಎದುರಿಗೇ ನಿಂತು ಅಪ್ಪನ ಬಾಯಿ ನೋಡುತ್ತಿದ್ದ. ಉಳಿದವರೆಲ್ಲ ಸುತ್ತ ಸೇರಿದರು. ಅಪ್ಪ ಬಶಿ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಆ ಅಚ್ಚುಕಟ್ಟು ಕನ್ನಡದಲ್ಲಿ ಒಂದೊಂದೇ ತಾಲೂಕು ಹೇಳುತ್ತ ಬಂದ. ಆಳಂದದಲ್ಲಿ ಉತ್ತಮ ಮಳೆ. ಅಫಜಲಪುರದಲ್ಲಿ ಸಾಧಾರಣ ಮಳೆ. ಇಂಡಿಯಲ್ಲಿ ತುಂತುರು.

"ಸಿಂದಗಿ ತಾಲೂಕಿನಲ್ಲಿ ಒಣ ಹವೆ ಮುಂದುವರಿದಿದೆ," ಎಂದು ಒಂದು ಗಳಿಗೆ ನಿಂತ. ಆ ಆಳಿನ ಊರಿನ ಹೆಸರು ಹಿಡಿದು ಹೇಳಿದ: "ಅದೊಂದು ಊರಿನಲ್ಲಿ ಮಾತ್ರ ಭಾರಿ ಮಳೆಯಾಗಿದೆ."

ನನ್ನ ಪೆನ್ನು ನಿಂತಿತು. "ಬರಕೋ," ಎಂದ ಅಪ್ಪ. ಬರೆದುಕೊಂಡೆ. ಆ ಆಳು ಅವತ್ತು ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೋದ.